ಅರ್ಚಕರ ಹೆಸರಲ್ಲಿ ಮೆಸೇಜ್ ಬಂದರೆ? ಗುಡಿ, ಚರ್ಚ್, ಮಸೀದಿಯ ಗ್ರೂಪುಗಳನ್ನು ಕಾಯುವ ಬಗೆ

ಎರಡು ವರ್ಷದ ಹಿಂದಿನ ಮಾತು. ಹನುಮ ಜಯಂತಿಗೆ ಇನ್ನು ನಾಲ್ಕೇ ದಿನ. ನಮ್ಮ ಬಡಾವಣೆಯ ಆಂಜನೇಯನ ಗುಡಿಯ ವಾಟ್ಸಾಪ್ ಗ್ರೂಪಿನಲ್ಲಿರುವ ಕೆಲವರಿಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದು ಮೆಸೇಜ್ ಬಂತು. ಡಿಪಿಯಲ್ಲಿ ನಮ್ಮ ಅರ್ಚಕರದೇ ಫೋಟೋ. ಹಿಂದೆ ಬೆಣ್ಣೆ ಅಲಂಕಾರದ ಸ್ವಾಮಿ. 'ಅನ್ನದಾನದ ಅಕ್ಕಿ ಬಂದು ನಿಂತಿದೆ. ಅಂಗಡಿಯವರಿಗೆ ಈಗಲೇ 8,500 ಕೊಡಬೇಕು. ನನ್ನ ಫೋನ್‌ಪೇ ಕೆಲಸ ಮಾಡ್ತಿಲ್ಲ. ನೀವು ಹಾಕಿರಿ, ಸಂಜೆ ಕಮಿಟಿಯವರು ಕೊಡ್ತಾರೆ. ಪೂಜೆಯಲ್ಲಿದ್ದೇನೆ, ಫೋನ್ ಮಾಡಬೇಡಿ.'

ನಾಲ್ಕು ಜನ ಹಾಕಿದರು. ನಾಲ್ವರೂ ಒಂದು ವಾರ ಯಾರಿಗೂ ಹೇಳಲಿಲ್ಲ. ಹಬ್ಬ ಮುಗಿದ ಮೇಲೆ ಒಬ್ಬರು ಮೆಲ್ಲಗೆ ನನ್ನ ಹತ್ತಿರ ಬಂದು, 'ಆ ಅಕ್ಕಿ ದುಡ್ಡು...' ಅಂತ ರಾಗ ಎಳೆದಾಗಲೇ ವಿಷಯ ಹೊರಗೆ ಬಿದ್ದಿದ್ದು. ಗ್ರೂಪಿನ ಅಡ್ಮಿನ್ ನಾನೇ. ಹಾಗಾಗಿ ಮುಖ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

'ಒಂದು ಫೋನ್ ಮಾಡಿ ಕೇಳಬಾರದಿತ್ತಾ?' ಅಂದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. 'ಪೂಜೆಗೆ ಕೂತವರಿಗೆ ಫೋನ್ ಮಾಡಿ, ಸ್ವಾಮಿ, ಇದು ನೀವೇನಾ ಅಂತ ಕೇಳೋದಾ? ಅವರು ಏನಂದ್ಕೊಳ್ತಾರೆ?'

ಅಷ್ಟೇ ನೋಡಿ. ಕಳ್ಳ ಅಲ್ಲಿ ಯಾವ ದೊಡ್ಡ ತಂತ್ರಜ್ಞಾನವನ್ನೂ ಬಳಸಿರಲಿಲ್ಲ. ದೊಡ್ಡವರನ್ನು ಪ್ರಶ್ನೆ ಕೇಳಲು ನಮಗಿರುವ ಸಂಕೋಚವೇ ಅವನಿಗೆ ಸಾಕಾಯಿತು. ಚರ್ಚ್‌ನಲ್ಲಿ ಫಾದರ್ ಹೆಸರಲ್ಲಿ, ಮಸೀದಿಯಲ್ಲಿ ಇಮಾಮರ ಹೆಸರಲ್ಲಿ, ಮಠದಲ್ಲಿ ಸ್ವಾಮೀಜಿ ಹೆಸರಲ್ಲಿ ಇದೇ ಆಟ ನಡೆಯುತ್ತದೆ. ಅಮೆರಿಕದಲ್ಲಿ ಪಾದ್ರಿ, ರಬ್ಬಿ, ಇಮಾಮರ ಹೆಸರಲ್ಲಿ ಇಮೇಲ್ ಕಳಿಸಿ, 'ಕಷ್ಟದಲ್ಲಿರೋರಿಗೆ ಸಹಾಯ ಮಾಡಬೇಕು, ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ' ಅಂತ ಕೇಳುವ ಮೋಸದ ಬಗ್ಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲೇ ಎಚ್ಚರಿಸಿತ್ತು. ಅಲ್ಲಿರುವ ನಮ್ಮ ಕನ್ನಡ ಕೂಟಗಳಿಗೂ ಇದು ತಿಳಿದಿರಲಿ.

ನಮ್ಮ ಗುಡಿಯಲ್ಲಿ ಆಮೇಲೆ ಏನೇನು ಮಾಡಿದೆವು, ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅನ್ನೋದನ್ನು ಬರೆಯುತ್ತಿದ್ದೇನೆ. ನಿಮ್ಮ ಕಡೆ ಭಜನಾ ಮಂಡಳಿ ಇರಲಿ, ಜಮಾಅತ್ ಇರಲಿ, ಬಸದಿಯ ಕಮಿಟಿ ಇರಲಿ, ಹೆಸರು ಬದಲಾಯಿಸಿಕೊಂಡರೆ ಆಯಿತು.

ಹೆಜ್ಜೆ 1: ಮಾತು ಅರ್ಚಕರ ಬಾಯಿಂದಲೇ ಬರಲಿ

ಮೊದಲು ನಾವು ಮಾಡಿದ್ದು ತಪ್ಪು ಕೆಲಸ. 'ಸೈಬರ್ ವಂಚಕರಿಂದ ಎಚ್ಚರ' ಅಂತ ದೊಡ್ಡ ಬ್ಯಾನರ್ ಮಾಡಿಸಿ ಧ್ವಜಸ್ತಂಭದ ಪಕ್ಕ ಕಟ್ಟಿದೆವು. ಯಾರೂ ಓದಲಿಲ್ಲ. ಮಳೆ ಬಂದಾಗ ಅದನ್ನೇ ಚಪ್ಪಲಿ ಸ್ಟ್ಯಾಂಡಿಗೆ ಹೊದಿಸಿದರು.

ಕೆಲಸ ಮಾಡಿದ್ದು ಬೇರೆ. ಒಂದು ಶನಿವಾರ ಮಹಾಮಂಗಳಾರತಿ ಆದ ಮೇಲೆ, ತೀರ್ಥ ಕೊಡುವ ಮುಂಚೆ, ಅರ್ಚಕರೇ ಮಾತಾಡಿದರು. 'ನಾನು ಯಾವತ್ತೂ ಯಾರ ಹತ್ತಿರವೂ ಫೋನಿನಲ್ಲಿ ದುಡ್ಡು ಕೇಳೋದಿಲ್ಲ. ಕೇಳಿದ ಹಾಗೆ ಮೆಸೇಜ್ ಬಂದರೆ ನನಗೆ ಫೋನ್ ಮಾಡಿ. ಪೂಜೆಗೆ ಕೂತಿದ್ದರೂ ಮಾಡಿ. ತಪ್ಪು ತಿಳಿಯೋಲ್ಲ. ಕೇಳದೇ ದುಡ್ಡು ಹಾಕಿದರೆ ಮಾತ್ರ ಬೇಜಾರು.' ಒಂದು ನಿಮಿಷವೂ ಆಗಲಿಲ್ಲ. ಅದುವರೆಗೆ ಕೇಳುವುದೇ ಅಗೌರವ ಅನ್ನಿಸುತ್ತಿತ್ತು. ಅವರೇ ಅಪ್ಪಣೆ ಕೊಟ್ಟ ಮೇಲೆ ಕೇಳದಿರುವುದು ತಪ್ಪು ಅನ್ನಿಸತೊಡಗಿತು.

ಚರ್ಚ್‌ನಲ್ಲಾದರೆ ಭಾನುವಾರದ ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಫಾದರ್ ಹೇಳಬಹುದು. ಮಸೀದಿಯಲ್ಲಿ ಜುಮ್ಮಾ ದಿನ ನಮಾಜಿನ ಮುಂಚಿನ ಬಯಾನ್‌ನಲ್ಲಿ ಹೇಳಬಹುದು. ಕಾರ್ಯದರ್ಶಿ ಹೇಳಿದರೆ ಸಾಲದು. ಯಾರ ಹೆಸರಲ್ಲಿ ಮೋಸ ನಡೆಯುತ್ತದೋ ಅವರೇ ಹೇಳಬೇಕು. ವರ್ಷಕ್ಕೆ ಮೂರ್ನಾಲ್ಕು ಸಲ, ದೊಡ್ಡ ಹಬ್ಬಕ್ಕೆ ಒಂದು ವಾರ ಮುಂಚೆ. ಚಂದಾ ಎತ್ತುವ ಕಾಲವೇ ಕಳ್ಳರಿಗೂ ಸುಗ್ಗಿ.

ಹೆಜ್ಜೆ 2: ದುಡ್ಡು ಬರುವ ಬಾಗಿಲು ಒಂದೇ ಇರಲಿ

ನಮ್ಮಲ್ಲಿ ಆಗ ಅನ್ನದಾನಕ್ಕೆ ಖಜಾಂಚಿಯ ನಂಬರ್, ಹೂವಿನ ಅಲಂಕಾರಕ್ಕೆ ಇನ್ನೊಬ್ಬರ ನಂಬರ್, ರಥೋತ್ಸವಕ್ಕೆ ಅವರ ಮಗನ ನಂಬರ್. ಹೀಗಿದ್ದರೆ ನಾಲ್ಕನೇ ನಂಬರ್ ಬಂದಾಗ ಯಾರಿಗೆ ಅನುಮಾನ ಬರುತ್ತದೆ ಹೇಳಿ?

ಗುಡಿಯ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ. ಅದಕ್ಕೆ ಒಂದೇ ಕ್ಯೂಆರ್ ಕೋಡ್. ವೈಯಕ್ತಿಕ ನಂಬರಿಗೆ ಒಂದು ರೂಪಾಯಿಯೂ ಬೇಡ, ಅಧ್ಯಕ್ಷರದ್ದಾದರೂ ಬೇಡ. ಇದಕ್ಕೆ ಕಮಿಟಿಯಲ್ಲಿ ಸ್ವಲ್ಪ ಜಗಳ ಆಗುತ್ತದೆ, ಆಗಲಿ. ಜಗಳದಲ್ಲಿ ಹಳೆಯ ಲೆಕ್ಕಗಳೂ ಒಂದೆರಡು ಹೊರಗೆ ಬರುತ್ತವೆ.

ಕ್ಯೂಆರ್ ಬೋರ್ಡ್ ಮೇಲೆ ಖಾತೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿ. 'ಸ್ಕ್ಯಾನ್ ಮಾಡಿದಾಗ ಇದೇ ಹೆಸರು ಕಾಣಬೇಕು. ಬೇರೆ ಕಂಡರೆ ಹಾಕಬೇಡಿ' ಅಂತ ಕೆಳಗೆ ಒಂದು ಸಾಲು. ದುಡ್ಡು ಪಡೆಯುವವರು ಬ್ಯಾಂಕಿನಲ್ಲಿ ಕೊಟ್ಟ ಹೆಸರನ್ನೇ ಯುಪಿಐ ಆಪ್‌ಗಳು ತೋರಿಸಬೇಕು ಅಂತ 2025ರ ಜೂನ್ 30ರಿಂದ ನಿಯಮ ಬಂದಿದೆ. ಇದರಿಂದ ಹೆಸರು ನೋಡುವ ಅಭ್ಯಾಸಕ್ಕೆ ಈಗ ಬೆಲೆ ಬಂತು. ಬೋರ್ಡನ್ನು ಗಾಜಿನ ಒಳಗಿಡಿ. ಬೆಳಿಗ್ಗೆ ಬಾಗಿಲು ತೆಗೆಯುವವರು ಅದರ ಮೇಲೆ ಒಮ್ಮೆ ಬೆರಳಾಡಿಸಿ ನೋಡಲಿ. ರಾತ್ರೋರಾತ್ರಿ ಮೇಲೊಂದು ಸ್ಟಿಕ್ಕರ್ ಅಂಟಿಸಿ ಹೋದರೆ ಕಣ್ಣಿಗೆ ಕಾಣೋದಿಲ್ಲ, ಬೆರಳಿಗೆ ತಿಳಿಯುತ್ತದೆ.

ಹೆಜ್ಜೆ 3: ಗ್ರೂಪಿಗೂ ಒಂದು ಬಾಗಿಲು, ಬೀಗ

ಕಳ್ಳನಿಗೆ ನಮ್ಮವರ ನಂಬರ್ ಸಿಕ್ಕಿದ್ದು ಹೇಗೆ? ನನ್ನಿಂದಲೇ. ಹಿಂದಿನ ವರ್ಷ ಗ್ರೂಪಿಗೆ ಸೇರುವ ಲಿಂಕನ್ನು ಉತ್ಸವದ ಪೋಸ್ಟರ್ ಜೊತೆ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ಯಾರು ಬೇಕಾದರೂ ಸೇರಬಹುದಿತ್ತು. ಸೇರಿದರೆ ಮುನ್ನೂರು ಜನರ ನಂಬರ್ ಕಣ್ಣ ಮುಂದೆ.

ಅಡ್ಮಿನ್ ಆದವರು ಗ್ರೂಪಿನ ಹೆಸರಿನ ಮೇಲೆ ಒತ್ತಿ, ಕೆಳಗೆ ಗ್ರೂಪ್ ಪರ್ಮಿಷನ್ಸ್ ತೆಗೆಯಿರಿ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲಷ್ಟೇ ಸೇರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಬೇರೆಯವರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ಹಳೆಯ ಲಿಂಕನ್ನು ರೀಸೆಟ್ ಮಾಡಿ, ಆಗ ಪೋಸ್ಟರ್‌ನಲ್ಲಿರುವುದು ಸತ್ತುಹೋಗುತ್ತದೆ. ಅಡ್ಮಿನ್ ಮೂರು ಜನ ಸಾಕು. ಎಲ್ಲರಿಗೂ ಮರ್ಯಾದೆ ಕೊಡಲು ಹೋಗಿ ನಮ್ಮಲ್ಲಿ ಹದಿನಾಲ್ಕು ಅಡ್ಮಿನ್ ಇದ್ದರು.

ಬರೀ ಪೂಜೆಯ ಸಮಯ, ಹಬ್ಬದ ಸುದ್ದಿ ತಿಳಿಸಲು ಗ್ರೂಪೇ ಯಾಕೆ ಬೇಕು? ವಾಟ್ಸಾಪ್ ಚಾನೆಲ್ ಮಾಡಿದರೆ ಸೇರಿದವರ ನಂಬರ್ ಪರಸ್ಪರ ಕಾಣುವುದಿಲ್ಲ. ನಾವು ಈಗ ಸುದ್ದಿಗೆ ಚಾನೆಲ್, ಭಜನೆಯವರಿಗೆ ಮಾತ್ರ ಚಿಕ್ಕ ಗ್ರೂಪ್ ಅಂತ ಬೇರೆ ಮಾಡಿದ್ದೇವೆ. 'ಗುಡ್ ಮಾರ್ನಿಂಗ್' ಕಡಿಮೆ ಆಯಿತು ಅಂತ ಕೆಲವರಿಗೆ ಬೇಸರ. ನನಗಂತೂ ಇಲ್ಲ.

ಹೆಜ್ಜೆ 4: ಭಜನೆ ಮುಗಿದ ಮೇಲೆ ಅರ್ಧ ಗಂಟೆ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಪ್ರೊಜೆಕ್ಟರ್, ಭಾಷಣ ಬೇಡ. ಅದನ್ನು ಕೇಳಿ ಜನ ಚಪ್ಪಾಳೆ ತಟ್ಟಿ ಪ್ರಸಾದ ತಗೊಂಡು ಹೋಗುತ್ತಾರೆ. ಜಮಖಾನ ಹಾಸಿ, ಐದೈದು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ಕಾಲೇಜಿಗೆ ಹೋಗುವ ಒಬ್ಬ ಹುಡುಗನೋ ಹುಡುಗಿಯೋ. ಅವರಿಗೆ ಒಂದೇ ನಿಯಮ: ದೊಡ್ಡವರ ಫೋನನ್ನು ಕೈಗೆ ತಗೊಳ್ಳಬಾರದು.

ಈ ನಿಯಮ ಹೇಗೆ ಬಂತು ಅಂದರೆ, ಮೊದಲ ವಾರ ನಾನೇ ಮಂಡಳಿಯ ಒಬ್ಬ ಅಜ್ಜಿಗೆ, 'ಅಜ್ಜಿ, ಫೋನ್ ಕೊಡಿ, ಎರಡೇ ನಿಮಿಷದಲ್ಲಿ ಸರಿ ಮಾಡ್ತೀನಿ' ಅಂದೆ. ಅವರು ಫೋನನ್ನು ಸೆರಗಿನ ಒಳಗೆ ಹಿಡಿದುಕೊಂಡು, 'ಬೇಡಪ್ಪಾ. ಕೊಟ್ಟೂ ಕೊಟ್ಟೂ ನನಗೆ ಒಂದೂ ಬರೋದಿಲ್ಲ ಅಂತಾಗಿದೆ. ನೀನು ಹೇಳು, ನಾನೇ ಒತ್ತೀನಿ' ಅಂದರು. ಹತ್ತು ನಿಮಿಷ ಹಿಡಿಯಿತು. ಮುಂದಿನ ವಾರ ಪಕ್ಕದವರಿಗೆ ಅವರೇ ಹೇಳಿಕೊಡುತ್ತಿದ್ದರು.

ಮಾಡಿಸಬೇಕಾದ್ದು ಹೀಗೆ, ವಾರಕ್ಕೆ ಒಂದೇ:

ಮೊದಲ ವಾರ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ತೆಗೆದು ಟು-ಸ್ಟೆಪ್ ವೆರಿಫಿಕೇಶನ್. ಆರು ಅಂಕಿಯ ಪಿನ್ ಕೇಳುತ್ತದೆ. ಹುಟ್ಟಿದ ದಿನಾಂಕ ಬೇಡ. ಪಿನ್ನನ್ನು ಫೋನಿನ ಕವರ್ ಒಳಗೆ ಚೀಟಿಯಲ್ಲಿ ಇಡುವುದೂ ಬೇಡ, ಮನೆಯ ಡೈರಿಯಲ್ಲಿ ಬರೆದಿಡಲಿ. ಇದರ ಜೊತೆ ಇನ್ನೊಂದು ಮಾತು ಬಾಯಿಪಾಠ ಮಾಡಿಸಿ: ಎಸ್ಎಂಎಸ್‌ನಲ್ಲಿ ಬಂದ ಆರು ಅಂಕಿಯನ್ನು ಯಾರಿಗೂ ಓದಿ ಹೇಳಬಾರದು. 'ಗೀತಾ ಪಾರಾಯಣದ ಮೀಟಿಂಗಿಗೆ ಸೇರಿಸ್ತೀನಿ, ಬಂದ ಕೋಡ್ ಹೇಳಿ' ಅಂದರೆ ಹೋಗುವುದು ನಿಮ್ಮ ವಾಟ್ಸಾಪ್ಪೇ. ಆಮೇಲೆ ನಿಮ್ಮ ಹೆಸರಲ್ಲಿ ಇಡೀ ಮಂಡಳಿಗೆ ದುಡ್ಡು ಕೇಳುವ ಮೆಸೇಜ್ ಹೋಗುತ್ತದೆ.

ಎರಡನೇ ವಾರ ಪ್ರೈವಸಿ. ಅಲ್ಲಿ ಗ್ರೂಪ್ಸ್ ಅಂತ ಇರುವ ಕಡೆ ಮೈ ಕಾಂಟ್ಯಾಕ್ಟ್ಸ್ ಆರಿಸಿದರೆ ಗೊತ್ತಿಲ್ಲದವರು ಷೇರು ಮಾರುಕಟ್ಟೆ ಗ್ರೂಪಿಗೆ ಎಳೆದು ಹಾಕುವುದು ನಿಲ್ಲುತ್ತದೆ. ಪ್ರೊಫೈಲ್ ಫೋಟೋಗೂ ಅದೇ. ಹಾಗೇ ಲಿಂಕ್ಡ್ ಡಿವೈಸಸ್ ತೆಗೆದು, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿಸಿ.

ಮೂರನೇ ವಾರ ಎಪಿಕೆ ಫೈಲ್. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ದರ್ಶನದ ಪಾಸ್, ಯಾವ ವೇಷದಲ್ಲಾದರೂ ಬರುತ್ತದೆ. ಹೆಸರಿನ ಕೊನೆಯಲ್ಲಿ 'ಡಾಟ್ ಎಪಿಕೆ' ಅಂತ ಇದ್ದರೆ ಅದು ಫೋಟೋ ಅಲ್ಲ, ಆಪ್. ಒತ್ತಬಾರದು. ಲಗ್ನಪತ್ರಿಕೆ ಯಾವತ್ತಾದರೂ 'ಇನ್‌ಸ್ಟಾಲ್ ಮಾಡಿ' ಅಂತ ಕೇಳುತ್ತದೆಯೇ?

ನಾಲ್ಕನೇ ವಾರ ಯುಪಿಐ ಪಿನ್. ದುಡ್ಡು ಪಡೆಯಲು ಪಿನ್ ಹಾಕಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಇಬ್ಬರನ್ನು ಎದುರುಬದುರು ಕೂರಿಸಿ ಒಂದು ರೂಪಾಯಿ ಕಳಿಸಿ, ವಾಪಸ್ ತರಿಸಿ ತೋರಿಸಿ. ನಮ್ಮಲ್ಲಿ ಆ ಒಂದು ರೂಪಾಯಿಗೆ ಇಬ್ಬರು ಹಿರಿಯರು ಅರ್ಧ ಗಂಟೆ ತಮಾಷೆಗೆ ಜಗಳ ಆಡಿದರು.

'ಡಿಜಿಟಲ್ ಅರೆಸ್ಟ್' ಬಗ್ಗೆ ಒಂದು ದಿನ ನಾಟಕವನ್ನೇ ಆಡಿಸಿ. ಒಬ್ಬ ಹುಡುಗ ಪೊಲೀಸ್ ಟೋಪಿ ಹಾಕಿಕೊಂಡು, 'ನಿಮ್ಮ ಆಧಾರ್‌ನಲ್ಲಿ ಡ್ರಗ್ಸ್ ಪಾರ್ಸೆಲ್ ಬಂದಿದೆ, ಕ್ಯಾಮೆರಾ ಮುಂದಿಂದ ಏಳಬೇಡಿ, ಮನೆಯವರಿಗೆ ಹೇಳಬೇಡಿ' ಅಂತ ಗದರಿಸಲಿ. ಎದುರಿನವರು ಫೋನ್ ಕಟ್ ಮಾಡುವುದನ್ನು ಅಭ್ಯಾಸ ಮಾಡಲಿ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ ಅಂತ ಪ್ರಧಾನಿ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲೇ ಹೇಳಿದ್ದರು. ಗೊತ್ತಿದ್ದವರೂ ಆ ದನಿ ಕೇಳಿದಾಗ ನಡುಗುತ್ತಾರೆ. ಅದಕ್ಕೇ ಬಾಯಿಗಿಂತ ಬೆರಳಿಗೆ ಅಭ್ಯಾಸ ಬೇಕು.

ಹೆಜ್ಜೆ 5: ಯಾತ್ರೆ, ಪ್ರಸಾದ, ಪಾಸ್

ಭಕ್ತಿಗೆ ಅವಸರ ಸೇರಿದಾಗ ಜಾಸ್ತಿ ಮೋಸ. ಅಯೋಧ್ಯೆಯ ರಾಮಮಂದಿರದ ಪ್ರಾಣಪ್ರತಿಷ್ಠೆಗೆ ಮುಂಚೆ, 2023ರ ಡಿಸೆಂಬರ್ ಕೊನೆಯಲ್ಲಿ, ದೇಣಿಗೆ ಹೆಸರಲ್ಲಿ ನಕಲಿ ಕ್ಯೂಆರ್ ಕೋಡ್ ಹರಿದಾಡಿತು. ಹೀಗೆ ದುಡ್ಡು ಎತ್ತಲು ಟ್ರಸ್ಟ್ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ವಿಶ್ವ ಹಿಂದೂ ಪರಿಷತ್ ಹೇಳಬೇಕಾಯಿತು. ಆಮೇಲೆ ವಿಐಪಿ ಪಾಸ್ ಹೆಸರಿನ ಎಪಿಕೆ ಬಂತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು ಚಾರ್‌ಧಾಮ್ ಯಾತ್ರಿಗಳಿಗೆ, ಕೇದಾರನಾಥದ ಹೆಲಿಕಾಪ್ಟರ್ ಬುಕಿಂಗಿನ ನಕಲಿ ವೆಬ್‌ಸೈಟುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆ ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಸಿಗುತ್ತದೆ.

ತಿರುಪತಿಗೆ ಹೋಗುವವರು ನಮ್ಮಲ್ಲಿ ಎಷ್ಟು ಜನ ಅಲ್ವಾ? ಟಿಟಿಡಿಯ ಅಧಿಕೃತ ತಾಣದ ಹೆಸರು 2024ರ ಜನವರಿಯಲ್ಲಿ ಬದಲಾಯಿತು. ಕೊನೆಯಲ್ಲಿ 'ಎಪಿ ಡಾಟ್ ಜಿಒವಿ ಡಾಟ್ ಇನ್' ಇರುವುದನ್ನು ನೋಡಿ ಮುಂದೆ ಹೋಗಿ. ರೂಮಿಗೆ ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕ ಮೊಬೈಲ್ ನಂಬರಿಗೆ ಅಡ್ವಾನ್ಸ್ ಹಾಕುವ ಅಭ್ಯಾಸ ಬಿಡಿ. ಹಿಂದಿನ ಸಲ ಹೋಗಿ ಬಂದವರ ರಸೀದಿಯ ಮೇಲಿನ ನಂಬರ್ ಕೇಳಿ, ಅದು ಗೂಗಲ್‌ಗಿಂತ ಗಟ್ಟಿ. ಹಜ್‌ಗಾದರೆ ಹಜ್ ಕಮಿಟಿ ಆಫ್ ಇಂಡಿಯಾ, ಇಲ್ಲವೇ ಅಲ್ಪಸಂಖ್ಯಾತರ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿದ ಖಾಸಗಿ ಸಂಸ್ಥೆ. ಮಧ್ಯದ ಏಜೆಂಟ್ ಎಷ್ಟೇ ನಂಬಿಕಸ್ಥನಾದರೂ ನೋಂದಣಿ ನಂಬರ್ ಕೇಳಿ, ಬೆಂಗಳೂರಿನ ಹಜ್ ಭವನದಲ್ಲಿ ವಿಚಾರಿಸಿ.

ಇನ್ನು ಗುರುಗಳ ವಿಡಿಯೋ. ಸದ್ಗುರು ಜಗ್ಗಿ ವಾಸುದೇವ್ ಅವರ ಮುಖ, ದನಿ ಹಾಕಿ ಮಾಡಿದ ನಕಲಿ ವಿಡಿಯೋ ನಂಬಿ ಬೆಂಗಳೂರಿನ ಒಬ್ಬ ಮಹಿಳೆ 3.75 ಕೋಟಿ ರೂಪಾಯಿ ಹೂಡಿ ಕಳೆದುಕೊಂಡ ಪ್ರಕರಣ 2025ರಲ್ಲಿ ಸುದ್ದಿಯಾಯಿತು. ಗುರುಗಳು ಷೇರು ವ್ಯಾಪಾರದ ಆಪ್ ಹೇಳಿಕೊಟ್ಟರೆ ಅಲ್ಲೇ ನಿಲ್ಲಿ. ದನಿ ಅವರದೇ ಇರಬಹುದು, ಮಾತು ಅವರದಲ್ಲ.

ಹೆಜ್ಜೆ 6: ಮಕ್ಕಳು

ಬಾಲಗೋಕುಲ, ಸಂಡೇ ಸ್ಕೂಲ್, ಮದರಸಾ, ಶ್ಲೋಕದ ತರಗತಿ, ಎಲ್ಲ ಕಡೆ ಮಕ್ಕಳ ಫೋಟೋ, ವಿಡಿಯೋ ಹೋಗುತ್ತಲೇ ಇರುತ್ತವೆ. ಕೃಷ್ಣ ಜನ್ಮಾಷ್ಟಮಿ ದಿನ ನಮ್ಮ ಫೇಸ್‌ಬುಕ್ ಪುಟದಲ್ಲಿ ಪುಟ್ಟ ಕೃಷ್ಣರ ಫೋಟೋ, ಜೊತೆಗೆ ಹೆಸರು, ಶಾಲೆ, ತರಗತಿ ಎಲ್ಲ ಹಾಕುತ್ತಿದ್ದೆವು. ಈಗ ಅಪ್ಪ ಅಮ್ಮನನ್ನು ಕೇಳಿ, ಗುಂಪಿನ ಫೋಟೋ ಮಾತ್ರ, ಹೆಸರಿಲ್ಲದೆ.

ಇದಕ್ಕಿಂತ ಮುಖ್ಯ, ಕಲಿಸುವವರು ಮಗುವಿಗೆ ಒಂಟಿಯಾಗಿ ಮೆಸೇಜ್ ಮಾಡಬಾರದು. ತರಗತಿಯ ಗ್ರೂಪಿನಲ್ಲಿ ಪೋಷಕರು ಇರಲೇಬೇಕು. ಕಲಿಸುವವರು ಎಷ್ಟೇ ದೊಡ್ಡವರಾಗಿರಲಿ, ಎಷ್ಟೇ ವರ್ಷದಿಂದ ಸೇವೆ ಮಾಡಿರಲಿ, ನಿಯಮ ಎಲ್ಲರಿಗೂ ಒಂದೇ. ಏನಾದರೂ ತಪ್ಪು ನಡೆದಿದೆ ಅನ್ನಿಸಿದರೆ ಕಮಿಟಿಯಲ್ಲಿ ಕೂತು ಪಂಚಾಯಿತಿ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ಹೇಳಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಶಿಕ್ಷೆ ಆಗುವ ತಪ್ಪು. 'ಗುಡಿಯ ಹೆಸರು ಕೆಡುತ್ತೆ' ಅನ್ನುವವರಿಗೆ ಇದನ್ನು ತೋರಿಸಿ.

ಹೆಜ್ಜೆ 7: ಫಾರ್ವರ್ಡ್

ಚಿಕ್ಕದಾಗಿ ಹೇಳುತ್ತೇನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಿತಿ ತಂದಿತು. ಬೇರೆ ಧರ್ಮದವರ ಮೇಲೆ ಸಿಟ್ಟು ಬರಿಸುವ ವಿಡಿಯೋ ಬಂದರೆ ಅಡ್ಮಿನ್ ಅದನ್ನು ಎಲ್ಲರ ಫೋನಿನಿಂದ ಅಳಿಸಬಹುದು, ಆ ಸೌಲಭ್ಯ ಇದೆ. ಅಳಿಸಿ, ಹಾಕಿದವರಿಗೆ ಬೇರೆಯಾಗಿ ಫೋನ್ ಮಾಡಿ ಹೇಳಿ. ಗ್ರೂಪಿನಲ್ಲೇ ಬೈದರೆ ಅವರು ಹಟಕ್ಕೆ ಇನ್ನೆರಡು ಹಾಕುತ್ತಾರೆ, ಅನುಭವದಿಂದ ಹೇಳುತ್ತಿದ್ದೇನೆ.

ಹೆಜ್ಜೆ 8: ದುಡ್ಡು ಹೋಯಿತು ಅಂದಾಗ

ಮೊದಲ ಪ್ರಶ್ನೆ 'ಯಾಕೆ ಹಾಗೆ ಮಾಡಿದಿರಿ?' ಅಲ್ಲ. 'ಎಷ್ಟು ಹೊತ್ತಾಯಿತು?' ಅಂತ ಕೇಳಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಲೈನ್ ಸಿಗದಿದ್ದರೆ ಬಿಡದೆ ಮಾಡುತ್ತಿರಿ, ಇನ್ನೊಬ್ಬರು ಅದೇ ಹೊತ್ತಿಗೆ 'ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್' ತಾಣದಲ್ಲಿ ದೂರು ಹಾಕಲಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಬೇಗ ತಿಳಿಸಿದರೆ ಮಧ್ಯದಲ್ಲಿ ಎಲ್ಲಾದರೂ ತಡೆಹಿಡಿಯಲು ಆಗುತ್ತದೆ, ಮಾರನೇ ದಿನವಾದರೆ ಕಷ್ಟ. ಕೈಯಲ್ಲಿ ಇರಬೇಕಾದ್ದು: ಯುಪಿಐ ವ್ಯವಹಾರದ 12 ಅಂಕಿಯ ನಂಬರ್, ದಿನ, ಸಮಯ, ಮೊತ್ತ, ನಿಮ್ಮ ಬ್ಯಾಂಕ್, ಅವರ ಯುಪಿಐ ಐಡಿ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ನಾಚಿಕೆಯಾಗಿ ಮೊದಲು ಅಳಿಸುವುದೇ ಅದನ್ನು. ಬ್ಯಾಂಕಿಗೂ ಹೇಳಿ. ಮುಂದಿನ ಕೆಲಸಕ್ಕೆ ಜಿಲ್ಲೆಯ ಸೈಬರ್ ಅಪರಾಧದ (ಸೆನ್) ಪೊಲೀಸ್ ಠಾಣೆ ಇದೆ.

ನಾಲ್ಕು ಜನ ಒಂದು ವಾರ ಬಾಯಿ ಬಿಡಲಿಲ್ಲ ಅಂದೆನಲ್ಲ, ಅದಕ್ಕೆ ನಾವು ಮಾಡಿದ್ದು ಇಷ್ಟು. ಕಮಿಟಿಯಲ್ಲಿ ಇಬ್ಬರನ್ನು ಗೊತ್ತು ಮಾಡಿದೆವು, ಒಬ್ಬ ಹೆಂಗಸು, ಒಬ್ಬ ಗಂಡಸು. ರಾತ್ರಿ ಹನ್ನೊಂದಕ್ಕೂ ಫೋನ್ ಮಾಡಬಹುದು, ವಿಷಯ ಮಗ ಸೊಸೆಗೂ ಹೋಗುವುದಿಲ್ಲ, ಗ್ರೂಪಿಗಂತೂ ಇಲ್ಲ. ಅವರ ನಂಬರ್, ಕೆಳಗೆ 1930, ಒಂದು ಚಿಕ್ಕ ಹಾಳೆಯಲ್ಲಿ ಬರೆದು ಪಂಚಾಂಗದ ಬೋರ್ಡಿನ ಪಕ್ಕ ಅಂಟಿಸಿದ್ದೇವೆ. ದಿನಾ ತಿಥಿ ನೋಡುವವರ ಕಣ್ಣಿಗೆ ಅದೂ ಬೀಳುತ್ತದೆ.

ಕಳೆದ ತಿಂಗಳು ಅರ್ಚಕರ ಸಿಮ್ ಹಾಳಾಗಿ ಹೊಸ ನಂಬರ್ ತಗೊಂಡರು. ಚಾನೆಲ್‌ನಲ್ಲಿ ನಾನೇ ಹಾಕಿದೆ. ಅರ್ಧ ಗಂಟೆಯಲ್ಲಿ ಹನ್ನೊಂದು ಜನ ನನಗೆ ಫೋನ್ ಮಾಡಿ, 'ಇದು ನೀವೇ ಹಾಕಿದ್ದಾ?' ಅಂತ ಕೇಳಿದರು. ಇನ್ನು ನಾಲ್ಕು ಜನ ನೇರ ಗುಡಿಗೇ ಹೋದರು. ಅಭಿಷೇಕಕ್ಕೆ ಕೂತಿದ್ದ ಅರ್ಚಕರು ಮಂತ್ರ ನಿಲ್ಲಿಸದೆ, ಹೌದು ಹೌದು ಅಂತ ಕೈ ಸನ್ನೆ ಮಾಡಿದರಂತೆ.